ರೊಟ್ಟಿ ಅಂದರೆ ಬಾರದ ಮರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಜಾನುಕುಂಟೆಯ ಹೊಸ ಲೇಔಟಿನ ಖಾಲಿ ಸೈಟುಗಳ ನಡುವೆ ನಿಂತ ಮುನಿಕೃಷ್ಣಮ್ಮ ನಾಯಿಮರಿಯನ್ನು ನೋಡುತ್ತಿಲ್ಲ. ತಂತಿಬೇಲಿ ಎಲ್ಲಿ ಹರಿದಿದೆ, ರಾತ್ರಿ ಯಾರು ಎಲ್ಲಿ ಮೂಳೆ ಎಸೆದು ಹೋಗಿದ್ದಾರೆ, ಹಾಲಿನ ಬೈಕು ಯಾವ ಕಡೆಯಿಂದ ಬರುತ್ತದೆ ಎಂದು ಅವರ ಕಣ್ಣು ಹುಡುಕುತ್ತಿದೆ. ಬೇಲಿಯಾಚೆ ದೊಡ್ಡಬಳ್ಳಾಪುರ ರಸ್ತೆ. ಅಲ್ಲಿ ಟಿಪ್ಪರುಗಳಿಗೆ ಹೊತ್ತುಗೊತ್ತಿಲ್ಲ.

ಬಯಲಲ್ಲಿ ಬಿಟ್ಟ ಮರಿ ಕರೆದ ಕೂಡಲೇ ತಿರುಗಿ ಬರುವಂತೆ ಕಲಿಸುವುದು ಅವರ ಕೆಲಸ. ಕೈಕುಲುಕುವುದು, ಉರುಳುವುದು ಇವೆಲ್ಲ ತಮಗೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾರೆ. ಚಿಕ್ಕಜಾಲದ ಕಡೆ ನಾಯಿಗಳನ್ನು ನೋಡಿಕೊಳ್ಳುವ ಜಾಗವೊಂದರಲ್ಲಿ ಬೋನು ತೊಳೆಯುತ್ತಾ ಕಲಿತ ವಿದ್ಯೆ ಇದು. ಬಿಸಿಲೇರುವ ಮುಂಚೆ ನಾಲ್ಕೈದು ಮನೆ ಮುಗಿಯಬೇಕು. ಹಗ್ಗ ಜಗ್ಗಿ ಜಗ್ಗಿ ಬಲಭುಜ ಹಿಡಿದುಕೊಂಡಿದೆ.

ಕಳೆದ ದೀಪಾವಳಿಯ ಹೊತ್ತಿಗೆ ಲೇಔಟಿನ ಮರಿಯೊಂದು ಕಾಣೆಯಾದಾಗ ಗೇಟಿನ ಕಾವಲುಗಾರ ಮೊದಲು ತಡೆದು ಕೇಳಿದ್ದು ಇವರನ್ನೇ. ಇವರಿಗೆ ಸಿಟ್ಟು ಬರಲಿಲ್ಲ. “ನಾನಾದ್ರೂ ನನ್ನೇ ಕೇಳ್ತಿದ್ದೆ. ಇಲ್ಲಿರೋ ಮರಿಗಳೆಲ್ಲ ನನ್ನ ಹಿಂದೆ ಬರ್ತಿದ್ವಲ್ಲ,” ಎನ್ನುತ್ತಾರೆ. ಅಂದಿನಿಂದ ಯಾವ ಮರಿಗೂ ಅವರು ಸ್ವಂತ ಕೈಯಿಂದ ತಿನ್ನಿಸುವುದಿಲ್ಲ. ಕರೆಯುವುದೂ ಕೊಡುವುದೂ ಮನೆಯವರೇ.

ಇವತ್ತಿನ ಮರಿ ಕೆಂಚ. ಎಂಟು ತಿಂಗಳ ಬೀದಿ ತಳಿ. ಬಾಗಲಕೋಟೆ ಕಡೆಯಿಂದ ಬಂದು ಯಲಹಂಕದ ಕಾಲೇಜಿನಲ್ಲಿ ಪಾಠ ಹೇಳುವ ದಾಕ್ಷಾಯಣಿಯವರದು. ಹಿಂದೊಮ್ಮೆ ಅದು ಗೇಟು ದಾಟಿ ಓಡಿ ಟಿಪ್ಪರಿನ ಗಾಲಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಕರೆದರೆ ಬರುವುದನ್ನು ಕಲಿಯದಿದ್ದರೆ ಊರಿಗೆ ಕಳಿಸಿಬಿಡುವುದೇ ಸರಿ ಎಂದು ಗಂಡ ವಿಶ್ವನಾಥ ಪಟ್ಟು ಹಿಡಿದಿದ್ದಾರೆ.

ಕೆಂಚನಿಗೆ ಪ್ರಾಣವಾಗಿದ್ದ ‘ರೊಟ್ಟಿ’ಯನ್ನೇ ಕರೆಯುವ ಮಾತಾಗಿ ಇಟ್ಟಿದ್ದರು. ವಾರವೊಂದು ಚೆನ್ನಾಗಿ ನಡೆದು, ಆಮೇಲೆ ಮರಿ ತಿರುಗಿಯೂ ನೋಡದಾಯಿತು. ಮನೆಯಲ್ಲಿ ಯಾರೋ ಕೆಡಿಸುತ್ತಿದ್ದಾರೆ ಎಂಬುದು ಮುನಿಕೃಷ್ಣಮ್ಮನ ಗುಮಾನಿ. ಕರೆದು ಗದರುತ್ತೀರಾ, ಕರೆದು ಸ್ನಾನ ಮಾಡಿಸುತ್ತೀರಾ ಎಂದು ಕೇಳಿದರು. ಇಲ್ಲವೆಂದು ದಾಕ್ಷಾಯಣಿ ಆಣೆಯಿಟ್ಟರು. ನಂಬದೆ ಮುನಿಕೃಷ್ಣಮ್ಮ ಒಂದು ಬೆಳಿಗ್ಗೆ ಅವರ ಅಡುಗೆಮನೆಯ ಬಾಗಿಲಲ್ಲೇ ಚಹಾ ಹಿಡಿದು ಕೂತರು. ರೊಟ್ಟಿ ಬಡೀಲೇನು ಎಂದು ದಾಕ್ಷಾಯಣಿಯ ಅತ್ತೆ ಕೇಳಿದರು. ಕೆಂಚ ಓಡಿಬಂದು, ಏನೂ ಸಿಗದೆ ಹಿಂದಿರುಗಿತು. ರೊಟ್ಟಿ ಆದವೇನು ಎಂದು ವಿಶ್ವನಾಥ ಕೂಗಿದರು. ಈ ಸಲ ಮರಿಯ ಕಿವಿ ಮಾತ್ರ ಅಲುಗಿತು.

“ಈ ಮನೇಲಿ ಯಾವತ್ತೂ ಬಾಯಿಗೆ ಬರ್ದೇ ಇರೋ ಮಾತು ಒಂದು ಯೋಳಿ ಮೇಡಂ.”

ದಾಕ್ಷಾಯಣಿ ನಕ್ಕರು. “ರಾಗಿ ಮುದ್ದಿ ರೀ. ಅದನ್ನ ಅಗೀದ ನುಂಗೂದು ಹೆಂಗಂತ ನಮ್ಮವರು ಇನ್ನೂ ಕೇಳ್ತಾರ.”

ಅದೇ ಮಾತು ಗಟ್ಟಿಯಾಯಿತು. ಹಗ್ಗ ಕಟ್ಟಿಯೇ ಎರಡು ತಿಂಗಳು ಕಲಿಸಿದ ಮೇಲೆ ಇವತ್ತು ಮೊದಲ ಬಾರಿಗೆ ಹಗ್ಗ ಬಿಚ್ಚಿದ್ದಾರೆ. ವಿಶ್ವನಾಥ ಕೈಕಟ್ಟಿ ನಿಂತಿದ್ದಾರೆ. ಬೆಳ್ಳಕ್ಕಿಯೊಂದು ಹಾರುತ್ತದೆ, ಕೆಂಚ ಬೇಲಿಯತ್ತ ದೌಡಾಯಿಸುತ್ತದೆ. ಹೆದರಿ ಅದರ ಹಿಂದೆ ಓಡಹೊರಟ ದಾಕ್ಷಾಯಣಿಯ ಸೆರಗು ಹಿಡಿದು ಮುನಿಕೃಷ್ಣಮ್ಮ ಒಂದು ಬೆರಳೆತ್ತುತ್ತಾರೆ. ಒಂದೇ ಸಲ ಕರೆಯಬೇಕು.

“ಮುದ್ದೀ!”

ಕೆಂಚ ಮಣ್ಣಿನಲ್ಲಿ ಜಾರಿ ನಿಂತು, ತಿರುಗಿ, ಕಿವಿ ಹಿಂದಕ್ಕೆ ಮಾಡಿಕೊಂಡು ಓಡಿಬರುತ್ತದೆ. ಮೊದಲು ಕೊರಳಪಟ್ಟಿಗೆ ಕೈ, ಆಮೇಲೆ ಬಾಯಿಗೆ ಪನೀರು. ಇರಲಿ ಬಿಡು, ಊರಿಗೆ ಬೇಡ ಎಂದು ವಿಶ್ವನಾಥ ಕಟ್ಟಿದ ಕೈ ಬಿಡುತ್ತಾರೆ.

ಮುನಿಕೃಷ್ಣಮ್ಮನಿಗೆ ಮಾತ್ರ ನಂಬಿಕೆಯಿಲ್ಲ. ಮರಿಯನ್ನು ಮತ್ತೆ ಬಿಡಲು ಹೇಳಿ, ತಾವೇ ಬೇಲಿಯ ಬಳಿಗೆ ಹೋಗಿ, ಕವರಿನಿಂದ ಬೇಯಿಸಿದ ಕೋಳಿ ಲಿವರ್ ತೆಗೆಯುತ್ತಾರೆ. “ಕಳ್ಳರು ಪನೀರ್ ತರಲ್ಲ ಸಾರ್,” ಎಂದು ವಿಶ್ವನಾಥರಿಗೆ ಹೇಳಿ, ದನಿಯಲ್ಲಿ ಬೆಲ್ಲ ಸುರಿದು ಮುದ್ದೆ, ಮುದ್ದೆ ಎಂದು ಕರೆಯುತ್ತಾರೆ. ಕೆಂಚ ಬಾಲ ಆಡಿಸುತ್ತದೆ. ಮೂಗು ಅರಳುತ್ತದೆ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ. ಆಮೇಲೆ ಹಿಂದಿರುಗಿ ದಾಕ್ಷಾಯಣಿಯ ಕಾಲಬುಡದಲ್ಲಿ ಕೂತುಬಿಡುತ್ತದೆ.

ಮುನಿಕೃಷ್ಣಮ್ಮ ಲಿವರನ್ನು ಕವರಿಗೆ ಹಾಕಿ ಗಂಟು ಕಟ್ಟುತ್ತಾರೆ. ಇನ್ನೂ ಒಂದು ತಿಂಗಳು ಹಗ್ಗ ಪೂರ್ತಿ ಬಿಡಬೇಡಿ ಎಂದು ಎಚ್ಚರಿಸುತ್ತಾರೆ. ಈ ಮರಿಯಿಂದ ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬೇಲಿಯಾಚೆಯ ರಸ್ತೆಯತ್ತ ಕೈ ತೋರಿಸುತ್ತಾರೆ.

“ರೋಡಲ್ಲಿ ನಾ ಎದುರಿಗೆ ಬಂದ್ರೂ ಇದು ನನ್ನ ದಾಟ್ಕಂಡು ಓಗ್ಬೇಕು. ಆವಾಗ ನಾ ಕಲ್ಸಿದ್ದು ಸರಿಯಾಗೈತೆ ಅಂತ.”