ಎಣ್ಣೆ ಕುಡಿಯುತ್ತಿದ್ದ ಲಾರಿಯ ಒಡತಿ

ನಮ್ಮ ಓಣಿಯ ತುದಿಯ ಮನೆಯವರ ಹಳೆಯ ಟ್ರ್ಯಾಕ್ಟರ್ ಮೊನ್ನೆ ಬೆಳಗಿನ ಚಳಿಯಲ್ಲಿ ಹಟ ಹಿಡಿದು ನಿಂತಿತ್ತು. ಬಹಳ ಹೊತ್ತು ಕೆಮ್ಮಿ ಕೆಮ್ಮಿ ಕೊನೆಗೆ ಎದ್ದಾಗ ಓಣಿಯ ತುಂಬ ನೀಲಿ ಹೊಗೆ. ಸುಟ್ಟ ಎಂಜಿನ್ ಎಣ್ಣೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಉಳಿದಿರುವ ನಾಲ್ಕು ಹಲ್ಲು ತಾವಾಗಿಯೇ ಕಚ್ಚಿಕೊಂಡವು. ಎಷ್ಟೋ ವರ್ಷಗಳಿಂದ ನೆನೆಯದಿದ್ದ ಹೆಂಗಸೊಬ್ಬಳ ಮುಖ ಕಣ್ಣ ಮುಂದೆ ಬಂತು. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ, ಹಾಗಿತ್ತು ನಮ್ಮ ಸಂಬಂಧ. ಇಲ್ಲಿ ಮನಸ್ಸಿನಲ್ಲಿದ್ದಂತೆಯೇ ಬರೆಯುತ್ತೇನೆ.

ಅದು ಮಹಾರಾಜರ ಕಾಲ, ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು. ಭರಮಸಾಗರದ ಕೆರೆ ಏರಿಯ ಕೆಳಗೆ ಅವಳ ಮಂಡಿ. ಗಂಡ ಶೇಂಗಾ, ಹತ್ತಿ ವ್ಯಾಪಾರ ಮಾಡಿಕೊಂಡಿದ್ದವನು. ಯಾರೋ ಓಡಿಸಿ ಬಿಟ್ಟ ಡೀಸೆಲ್ ಲಾರಿಯೊಂದನ್ನು ಕೊಂಡು ತಂದ. ಅದರ ಸುಖ ಕಾಣುವ ಮೊದಲೇ ತೀರಿಕೊಂಡ. ಮೈದುನಂದಿರು ಮಾರಿಬಿಡೋಣವೆಂದರು. ಅವಳು ಒಪ್ಪಲಿಲ್ಲ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಮಂಡಿಯಲ್ಲಿ ಗಂಡ ಕೂರುತ್ತಿದ್ದ ಜಾಗದಲ್ಲೇ ತಾನು ಕೂತಳು. ಲಾರಿ ಓಡಿಸಲು ನನ್ನನ್ನು ಇಟ್ಟುಕೊಂಡಳು. ನಾನು ಕುರಿ ಸಾಕುವ ಮನೆತನದವನು. ದಾವಣಗೆರೆಯಲ್ಲಿ ಬಸ್ಸು ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನು ಕಲಿತಿದ್ದೆ.

ಮೊದಲ ದಿನವೇ ಹೇಳಿದಳು: "ನಿನ್ ಮ್ಯಾಲೆ ನನಗೆ ನಂಬಿಕೆ ಐತೆ ಅಂತ ತಿಳ್ಕಬ್ಯಾಡ. ಬ್ಯಾರೆ ಯಾರೂ ಸಿಗಲಿಲ್ಲ, ಅದಕ್ಕೆ ನೀನು."

ಚಳಿಗಾಲ ಬಂತೆಂದರೆ ಆ ಲಾರಿಯ ಮುಂದೆ ನನ್ನ ಮರ್ಯಾದೆ ಹೋಗುತ್ತಿತ್ತು. ನೀರು ಕಾಯಿಸಿ ರೇಡಿಯೇಟರಿಗೆ ಸುರಿಯುತ್ತಿದ್ದೆ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಹಚ್ಚಿ, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಹಿಡಿಯುತ್ತಿದ್ದೆ. ಆಮೇಲೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ರಟ್ಟೆ ಬಿದ್ದುಹೋಗುತ್ತಿತ್ತೇ ಹೊರತು ಅದು ಏಳುತ್ತಿರಲಿಲ್ಲ. ಬಿಳಿ ಹೊಗೆಯ ಎಳೆಯೊಂದು ಬಂದು ನಿಲ್ಲುತ್ತಿತ್ತು. ಕೊನೆಗೆ ಎತ್ತು ಕಟ್ಟಿ ಏರಿಯ ಮೇಲಕ್ಕೆ ಎಳೆಸಿ, ಇಳಿಜಾರಿನಲ್ಲಿ ಬಿಟ್ಟು ಎಬ್ಬಿಸಬೇಕಾಗುತ್ತಿತ್ತು. ಅವಳು ಮಂಡಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದಳು: "ಚಳಿ ಲಾರಿಗಲ್ಲ, ಇವನ ಮೈಗೆ."

ಇನ್ನೊಂದು ರೋಗ ಎಣ್ಣೆಯದು. ಯುದ್ಧಕಾಲ, ಎಂಜಿನ್ ಎಣ್ಣೆಗೂ ಪರ್ಮಿಟ್ಟು, ಅದೂ ಸಿಕ್ಕರೆ ಸಿಕ್ಕಿತು. ಡಬ್ಬಗಳನ್ನು ಅವಳು ದೇವರ ಕೋಣೆಯ ಪಕ್ಕದಲ್ಲಿ ಬೀಗ ಹಾಕಿ ಇಟ್ಟು, ತಾನೇ ಅಳೆದು ತಾನೇ ಸುರಿಯುತ್ತಿದ್ದಳು. ಹೊಸದುರ್ಗಕ್ಕೆ ಹೋಗಿ ಶೇಂಗಾ ತುಂಬಿಕೊಂಡು ಬರುವಷ್ಟರಲ್ಲಿ ಎಣ್ಣೆ ನೋಡುವ ಕಡ್ಡಿಯ ತುದಿ ಮಾತ್ರ ಒದ್ದೆ. ನಾನು ಲಾರಿಯ ಅಡಿಯಲ್ಲಿ ಮಲಗಿ ಬೋಲ್ಟು ಬೋಲ್ಟೂ ತಡವಿ ನೋಡಿದೆ. ಎಲ್ಲೂ ಸೋರುತ್ತಿರಲಿಲ್ಲ. ನಾನು ಕದ್ದು ಮಾರುತ್ತಿದ್ದೇನೆ ಎಂದು ಅವಳು ನಂಬಿದಳು. ಅವಳೇ ಕಡಿಮೆ ಸುರಿದು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಎಂದು ನಾನು ನಂಬಿದೆ. ನಂಬಿಕೆ ಎಂದರೆ ನಮ್ಮಿಬ್ಬರ ನಡುವೆ ಇದ್ದದ್ದು ಅಷ್ಟೇ...

ಒಂದು ಬೆಳಗ್ಗೆ ಅರಗು ಕರಗಿಸಿಕೊಂಡು ಬಂದಳು. ಎಣ್ಣೆ ಸುರಿಯುವ ಮುಚ್ಚಳಕ್ಕೂ ಕೆಳಗೆ ಎಣ್ಣೆ ಇಳಿಸುವ ಬೋಲ್ಟಿಗೂ ಅರಗು ಮೆತ್ತಿ, ತನ್ನ ಹಿತ್ತಾಳೆಯ ಬೀಗದ ಕೈಯನ್ನು ಅದರ ಮೇಲೆ ಒತ್ತಿ ಮುದ್ರೆ ಹಾಕಿದಳು. "ಈಗ ಕದಿ, ನೋಡಾಣ" ಎಂದಳು. ನಾನು ಸಂತೋಷದಿಂದಲೇ ಹೊರಟೆ. ಇವತ್ತಿಗೆ ಇದು ಮುಗಿಯಿತು ಎಂದುಕೊಂಡೆ.

ಸಂಜೆ ಬಂದು ನಿಲ್ಲಿಸಿ ಬಾನೆಟ್ ಎತ್ತಿದರೆ ಮುದ್ರೆ ಇರಲಿಲ್ಲ. ಎಂಜಿನ್ ಕಾವಿಗೆ ಅರಗು ಕರಗಿ, ಹರಿದು, ಕಪ್ಪಗೆ ಅಂಟಿಕೊಂಡಿತ್ತು. ಕಡ್ಡಿ ಒಣಗಿತ್ತು.

"ಲೇ, ಮುದ್ರೆ ಎಲ್ಲೈತೆ?"

"ಬಿಸಿಗೆ ಕರಗೈತೆ ಅಮ್ಮ. ಎಂಜಿನ್ ಮ್ಯಾಲೆ ಅರಗು ನಿಲ್ತೈತಾ?"

"ಕಾಯಿಸಿ ಕಿತ್ತಿದ್ದೀಯ. ಕಳ್ಳ ನನ್ಮಗನೆ, ನನ್ನ ಅನ್ನ ಉಂಡು ನನ್ನ ಎಣ್ಣೆ ಮಾರ್ಕಂತೀಯ?"

ಮಂಡಿಯ ಅಂಗಳದಲ್ಲಿ ಗಾಡಿ ಬಿಟ್ಟುಕೊಂಡು ಕೂತಿದ್ದವರೆಲ್ಲ ಎದ್ದು ಬಂದರು. ಅವರಲ್ಲಿ ತಾಳ್ಯ ಎಂಬ ಊರಿನವನೊಬ್ಬ ಇದ್ದ. ಸುಗ್ಗಿ ಕಳೆದ ಮೇಲೆ ನಾನು ಮದುವೆಯಾಗಬೇಕಿದ್ದ ಹುಡುಗಿಯ ಸೋದರಮಾವ. ಅವನು ನನ್ನ ಮುಖ ನೋಡಿ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಹೊರಟುಹೋದ. ಒಡತಿ ಪೊಲೀಸರಿಗೂ ಹೇಳಿಕಳಿಸಿದಳು. ಮರುದಿನ ದಫೇದಾರ ನನ್ನನ್ನು ಠಾಣೆಯ ಜಗಲಿಯಲ್ಲಿ ಬಿಸಿಲು ಇಳಿಯುವವರೆಗೆ ಕೂರಿಸಿದ. ಎಣ್ಣೆ ಕೊಂಡವರು ಯಾರೂ ಸಿಗದೆ ಬೈದು ಕಳಿಸಿದ. ನಾನು ಮನೆ ಸೇರುವ ಮೊದಲೇ ತಾಳ್ಯದಿಂದ ಮಾತು ಬಂದಿತ್ತು: ಕಳ್ಳನಿಗೆ ಹೆಣ್ಣು ಕೊಡುವುದಿಲ್ಲ.

ಆ ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ. ನೀರಿನ ಚೆಂಬು ತಂದಿಟ್ಟು, ಒಳಗೆ ಹೋಗುವಾಗ ಲಾರಿಯ ಕಡೆ ನೋಡಿ ನಕ್ಕಿದ್ದಳು. ನನ್ನನ್ನು ನೋಡಿ ಅಲ್ಲ, ಲಾರಿಯನ್ನು ನೋಡಿ...

ಕೆಲಸ ಬಿಟ್ಟರೆ ಕಳ್ಳತನ ಒಪ್ಪಿಕೊಂಡಂತೆ. ಅದಕ್ಕೇ ಬಿಡಲಿಲ್ಲ. ಅವಳೂ ಬಿಡಿಸಲಿಲ್ಲ, ಬೇರೆ ಡ್ರೈವರ್ ಸಿಕ್ಕಿರಲಿಲ್ಲ, ಅಷ್ಟೇ. ಕೆಲವು ವಾರ ಹಾಗೆಯೇ ಕೆಲಸ ನಡೆಸಿದೆವು. ಒಂದು ದಿನ ಅವಳು ಎಣ್ಣೆ ಸುರಿದು ಕಡ್ಡಿ ಒರೆಸುತ್ತ ನನ್ನತ್ತ ನೋಡಿ ಉಗಿದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ನಿಮಗೆ ಧೈರ್ಯ ಇದ್ರೆ ನೀವೇ ಬಂದು ಕುಂತ್ಕಳ್ರಿ ಲಾರಿಯಾಗೆ. ಹೊಸದುರ್ಗದ ತನಕ ನನ್ನ ಕೈಯನ್ನೇ ನೋಡ್ರಿ."

ಊರಿನ ಯಾವ ಹೆಂಗಸೂ ಲಾರಿ ಹತ್ತದ ಕಾಲ. ಮೈದುನಂದಿರು ಬೇಡವೆಂದು ಕೂಗಾಡಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು.

ಚಿತ್ರದುರ್ಗ ದಾಟಿ ಹೊಳಲ್ಕೆರೆಯ ದಾರಿ ಹಿಡಿದೆವು. ನಿಲ್ಲಿಸಿದಲ್ಲೆಲ್ಲ ಕಡ್ಡಿ ಎಳೆದು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ಪ್ರತಿ ಸಲವೂ ಎಣ್ಣೆಯ ಗುರುತು ಇಳಿದಿರುತ್ತಿತ್ತು. ಏರು ಹತ್ತುವಾಗ ಅವಳು ಹೊರಗೆ ಬಾಗಿ ಹಿಂದಕ್ಕೆ ನೋಡಿದಳು. ದಾರಿಯ ತುಂಬ ನೀಲಿ. "ನಿಲ್ಸು" ಎಂದಳು. ಇಳಿದು ಹಿಂದೆ ಹೋಗಿ, ಬುತ್ತಿ ಕಟ್ಟಿಕೊಂಡಿದ್ದ ಬಿಳಿ ವಸ್ತ್ರ ಬಿಚ್ಚಿ, ಹೊಗೆ ಕೊಳವೆಯ ಬಾಯಿಗೆ ಹಿಡಿದಳು. ನಾನು ಎಂಜಿನ್ ರಭಸ ಏರಿಸಿದೆ. ವಸ್ತ್ರ ತೆಗೆದಾಗ ಅದರ ತುಂಬ ಎಣ್ಣೆಯ ಕಪ್ಪು ಹನಿಗಳು. ಬೆರಳಲ್ಲಿ ಉಜ್ಜಿ ಮೂಸಿದಳು.

"ಇದು ನನ್ನ ಎಣ್ಣೀನಾ?"

"ನಿಮ್ದೇ."

ವಸ್ತ್ರ ಮಡಿಸಿಟ್ಟುಕೊಂಡು ಹತ್ತಿ ಕೂತಳು. ತಪ್ಪಾಯಿತೆಂಬ ಮಾತು ಬರುತ್ತದೆಂದು ನಾನು ಹೊಸದುರ್ಗದವರೆಗೂ ಕಾದೆ.

ಮರಳುವಾಗ ಚಿತ್ರದುರ್ಗದಲ್ಲಿ ಅವಳ ನೆಂಟರ ಮನೆಯಲ್ಲಿ ಉಳಿದು, ಬೆಳಗ್ಗೆ ಲಾರಿಯನ್ನು ಅಲ್ಲಿನ ಮೇಸ್ತ್ರಿಗೆ ತೋರಿಸಿದಳು. ನನ್ನ ಮಾತು ಅವಳಿಗೆ ಇನ್ನೂ ಸಾಲದು. ಎಂಜಿನ್ ತಣ್ಣಗಿತ್ತು. ಮೇಸ್ತ್ರಿ ನನ್ನ ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ನೋಡಿದ. ಅದು ಹಗುರವಾಗಿ ಸುತ್ತಿತು. ಆಮೇಲೆ ಮೇಲಿನ ಡೀಸೆಲ್ ಚಿಮ್ಮಿಸುವ ನಳಿಕೆಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಹೊಯ್ದು, ಮತ್ತೆ ಕೂರಿಸಿ, "ಈಗ ತಿರುಗ್ಸು" ಎಂದ. ಹ್ಯಾಂಡಲ್ ಕಲ್ಲಿನ ಹಾಗೆ ಬಿಗಿದಿತ್ತು. ಮೈಯೆಲ್ಲ ಹಾಕಿ ತಿರುಗಿಸಿದೆ. ಲಾರಿ ಹಗೆಯ ಮೇಲೆ ನುಗ್ಗುವ ಹೋರಿಯ ಹಾಗೆ ಗುಡುಗಿ ಎದ್ದಿತು.

"ಒಳಗಿನ ಪಿಸ್ಟನ್ ಉಂಗುರ ಸವೆದು ಹೋಗ್ಯಾವೆ ಅಮ್ಮ" ಎಂದ ಮೇಸ್ತ್ರಿ. "ಸಂದಿನಾಗೆ ಎಣ್ಣೆ ಮ್ಯಾಲಕ್ಕೆ ಹತ್ತಿ ಸುಡ್ತೈತೆ. ಅದೇ ಸಂದಿನಾಗೆ ಗಾಳಿ ಕೆಳಕ್ಕೆ ಸೋರ್ತೈತೆ. ಗಾಳಿ ಬಿಗಿಯದೆ ಬಿಸಿ ಹೆಂಗೆ ಹುಟ್ತೈತೆ? ಅದಕ್ಕೇ ಚಳಿಯಾಗೆ ಏಳಲ್ಲ. ನಾನು ಹೊಯ್ದ ಎಣ್ಣೆ ಒಂದ್ ಗಳಿಗೆ ಸಂದು ಮುಚ್ತು, ಅಷ್ಟೇ."

"ಎಂಜಿನ್ ಮ್ಯಾಲೆ ಅರಗು ಹಾಕಿದ್ರೆ?" ಎಂದು ಕೇಳಿದಳು.

ಮೇಸ್ತ್ರಿ ನಕ್ಕುಬಿಟ್ಟ. ಅವಳು ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಲಾರಿ ಹತ್ತಿ, "ತಾಳ್ಯಕ್ಕೆ ನಡಿ" ಎಂದಳು.

ಆ ಮನೆಯ ಮುಂದೆ ಅವಳು ಇಳಿದ ರೀತಿ ನೋಡಿದವರು ಜಗಳಕ್ಕೇ ಬಂದಳೆಂದುಕೊಂಡಿರಬೇಕು. ಜನ ಸೇರಿದರು. ಹುಡುಗಿಯ ತಂದೆ ಹೊರಗೆ ಬಂದ. ಅವಳು ಕೂರಲಿಲ್ಲ, ನೀರು ಮುಟ್ಟಲಿಲ್ಲ.

"ಕೇಳ್ರಿ ಇಲ್ಲಿ. ಇವ ಕಳ್ಳ ಅಲ್ಲ. ಎಣ್ಣೆ ಕುಡಿದಿದ್ದು ನನ್ನ ಲಾರಿ. ಕಳ್ಳ ಅಂದಿದ್ದು ನನ್ನ ಬಾಯಿ. ಅಲ್ಲ ಅಂತಿರೋದೂ ಅದೇ ಬಾಯಿ. ಯಾರಿಗಾರ ಅನುಮಾನ ಇದ್ರೆ ನನ್ನ ಕೇಳ್ರಿ, ಅವನನ್ನಲ್ಲ."

ತಂದೆ ನೆಲ ನೋಡುತ್ತ ಹೇಳಿದ: "ತಡ ಮಾಡಿದ್ರಿ ಅಮ್ಮ. ಮಗಳನ್ನ ಬಾಗೂರಿಗೆ ಕೊಟ್ವಿ. ಹೋದ ಸೋಮವಾರ ಧಾರೆ ಆತು."

ಲಾರಿ ಅಷ್ಟರಲ್ಲಿ ತಣಿದಿತ್ತು. ಊರೆಲ್ಲ ನೋಡುತ್ತಿರುವಾಗ ಹ್ಯಾಂಡಲ್ ತಿರುಗಿಸಿದೆ, ತಿರುಗಿಸಿದೆ... ಏಳಲಿಲ್ಲ. ಯಾರೂ ಕೈ ಹಚ್ಚಲಿಲ್ಲ. ಅವಳೇ ಕೋಲಿಗೆ ಬಟ್ಟೆ ಸುತ್ತಿ, ಹಚ್ಚಿ, ಎಂಜಿನ್ ಬಾಯಿಗೆ ಹಿಡಿದು ನಿಂತಳು. ಮಸಿ ಅವಳ ಮುಖಕ್ಕೆ, ವಿಭೂತಿಗೆ ಹತ್ತಿತು. "ತಿರುಗ್ಸಲೇ" ಎಂದು ಗದರಿದಳು. ಇಬ್ಬರ ಕಣ್ಣಲ್ಲೂ ನೀರು ಬರುತ್ತಿತ್ತು. ಅವಳಿಗೆ ಹೊಗೆಗೆ, ನನಗೆ ಸಿಟ್ಟಿಗೆ.

ಭರಮಸಾಗರದಲ್ಲಿ ಮಂಡಿಯ ಮುಂದೆ ನಿಲ್ಲಿಸಿ ಹ್ಯಾಂಡಲನ್ನು ಅವಳ ಕಾಲ ಬಳಿ ಇಟ್ಟೆ.

"ನಾಳೆಯಿಂದ ಬರಲ್ಲ ಅಮ್ಮ."

"ಉಂಗುರ ತರಿಸ್ತೀನಿ. ಲಾರಿ ಚೆನ್ನಾಗಿ ಓಡ್ತೈತೆ."

"ಓಡ್ಲಿ."

"ನನ್ ಮ್ಯಾಲೆ ಸಿಟ್ಟಾ?"

"ಹೂಂ."

"ಇರ್ಲಿ" ಎಂದಳು. "ಇಟ್ಕ."

ಅಷ್ಟೇ. ನಾನು ಹಿರಿಯೂರಿಗೆ ಬಂದು ಬಸ್ಸು ಓಡಿಸಿದೆ, ಬೇರೆ ಕಡೆ ಮದುವೆಯಾದೆ. ಯುದ್ಧ ಮುಗಿದ ಮೇಲೆ ಒಮ್ಮೆ ಚಿತ್ರದುರ್ಗದ ಸಂತೆಯ ದಾರಿಯಲ್ಲಿ ಆ ಲಾರಿ ಎದುರಾಯಿತು. ಹೊಸ ಡ್ರೈವರ್ ಪಕ್ಕದಲ್ಲಿ ಅವಳು ಕೂತಿದ್ದಳು. ನನ್ನನ್ನು ಗುರುತು ಹಿಡಿದು ನೋಡಿದಳು. ನಾನು ಮುಖ ತಿರುಗಿಸಿದೆ. ಕೆಲವು ವರ್ಷ ಕಳೆದು ಅವಳು ತೀರಿಕೊಂಡ ಸುದ್ದಿ ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು. ಬಸ್ಸಿಗೆ ಹೊತ್ತಾಗಿತ್ತು, ಹೊರಟೆ.

ಈಗ ನನಗೆ ವಯಸ್ಸಾಗಿದೆ. ಹೆಂಡತಿ ಹೋಗಿ ಮೂರು ಮಳೆಗಾಲ ಕಳೆದವು. ಒಳ್ಳೆಯವಳು, ಅವಳಿಗೂ ಈ ಕಥೆ ಹೇಳಲಿಲ್ಲ. ಬಸ್ಸಿನ ಕೆಲಸದಲ್ಲೂ ನನ್ನ ಮೇಲೆ ಸುಳ್ಳು ಅಪವಾದ ಬಂದದ್ದುಂಟು. ಹೊರಿಸಿದವರು ಆಮೇಲೆ ನನ್ನ ಜೊತೆ ಕೂತು ಚಹಾ ಕುಡಿದರು, ಮಕ್ಕಳ ಮದುವೆಗೆ ಕರೆದರು. ಒಬ್ಬರೂ ನಾಲ್ಕು ಜನರ ಎದುರು ನಿಂತು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಮೇಲಿನ ಸಿಟ್ಟೆಲ್ಲ ಎಂದೋ ಆರಿಹೋಯಿತು, ಹೆಸರುಗಳೂ ಮರೆತಿವೆ. ಆ ಒಡತಿಯ ಮೇಲಿನದು ಮಾತ್ರ ಇದೆ. ಸತ್ತವಳ ಮೇಲೆ ಸಿಟ್ಟು ಏಕೆಂದು ನನ್ನನ್ನೇ ಕೇಳಿಕೊಂಡು ನೋಡಿದ್ದೇನೆ... ಅಷ್ಟು ಸಿಟ್ಟಿಗೆ ತಕ್ಕವರು ನನಗೆ ಮತ್ತೆ ಯಾರೂ ಸಿಗಲಿಲ್ಲ.