ಬಾಲಮ್ಮನ ಹದಿನಾರನೇ ಓಟು

ದೋರನಹಳ್ಳಿ ದಾಟಿ ನಾಲ್ಕು ಮೈಲಿ ಒಳಗೆ ಹೋದರೆ ಸಿಗುವ ಆ ಊರಿನಲ್ಲಿ ಪರಿಮಳಾ ಟೀಚರ್ ಗೊತ್ತಿಲ್ಲದವರಿಲ್ಲ. ಟೀಚರ್ ಎಂದರೆ ಅಂಗನವಾಡಿ ಟೀಚರ್. ಇಪ್ಪತ್ತೊಂದು ವರ್ಷ ಊರಿನ ಕೂಸುಗಳ ಮೂಗು ಒರೆಸಿ, ತೂಕ ಮಾಡಿ, ಉಪ್ಪಿಟ್ಟು ತಿನ್ನಿಸಿದ ಹೆಂಗಸು. ಅಷ್ಟು ಸಾಲದು ಅಂತ ಸರ್ಕಾರ ಅವಳ ಕೊರಳಿಗೆ ಬಿಎಲ್‌ಒ ಕೆಲಸವನ್ನೂ ಕಟ್ಟಿತ್ತು. ಅಂದರೆ ಬೂತಿನ ಮತದಾರರ ಪಟ್ಟಿ ಕಾಯುವುದು: ಯಾರಿಗೆ ಹದಿನೆಂಟು ತುಂಬಿತು, ಯಾರು ತೀರಿಕೊಂಡರು, ಯಾರು ಮದುವೆಯಾಗಿ ಸುರಪುರಕ್ಕೆ ಹೋದರು, ಎಲ್ಲ ಬರೆದಿಡಬೇಕು. ಪರಿಮಳಾ ಚುರುಕು, ಬಾಯಿ ಜೋರು, ಮೈಗಳ್ಳಿಯಂತೂ ಅಲ್ಲವೇ ಅಲ್ಲ. ಒಂದೇ ಕೆಟ್ಟ ಗುಣ. ಬಿಡಿಸಿ ಹೇಳುವ ತಾಳ್ಮೆ ಇಲ್ಲ. "ನಿನಗ್ಯಾಕ ಬೇಕು ಆಯಿ, ಇಲ್ಲಿ ಹೆಬ್ಬಟ್ಟು ಒತ್ತು" ಅಂದರೆ ಮುಗಿಯಿತು. ಊರೂ ಒತ್ತುತ್ತಿತ್ತು. ಕೂಸು ನೋಡಿಕೊಳ್ಳುವವಳನ್ನು ನಂಬದೆ ಇನ್ಯಾರನ್ನು ನಂಬಬೇಕು ಹೇಳಿ!

ಅದೇ ಊರಿನ ಕೆಳಗಿನ ಓಣಿಯ ಬಾಲಮ್ಮನಿಗೆ ಎಂಬತ್ತಾರು ವರ್ಷ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ, ಒಂದೇ ಖೋಲಿಯ ಮನೆ, ಎರಡು ಆಡು, ಕೂಲಿಗೆ ಹೋಗುವ ಸೊಸೆ. ಅಕ್ಷರ ಬಾರದು. ಆದರೆ ಲೋಕಸಭೆ ಚುನಾವಣೆಯ ಚರಿತ್ರೆ ಬೇಕಾದವರು ಅವಳ ಕಟ್ಟೆಗೇ ಹೋಗಬೇಕು. ಹದಿನೈದು ಚುನಾವಣೆ, ಹದಿನೈದು ಓಟು, ಒಂದೂ ತಪ್ಪಿಸಿದವಳಲ್ಲ.

"ಜೋಡೆತ್ತಿನ ಗುರ್ತು ಇದ್ದಾಗ ನಾ ಹೊಸಾ ಮದಿಮಗಳು. ಆಕಳ-ಕರ ಬಂದಾಗ ದೊಡ್ಡ ಮಗ ಹೊಟ್ಟ್ಯಾಗ ಇದ್ದ. ಮುಂದ ಒಂದ ಹೊತ್ತಿನ್ಯಾಗ ಮೂರ ಸಲ ಇಲೆಕ್ಷನ್ ಬಂತು ನೋಡ್ರಿ, ಬೆರಳಿನ ಶಾಯಿ ಹೋಗೂದ್ರಾಗ ಮತ್ತ ಶಾಯಿ! ಆಮ್ಯಾಲ ಮಷೀನ್ ಬಂತು, ಪೀಂ ಅಂತು. ನಮ್ಮ ಜಿಲ್ಲಾ ಯಾದಗಿರಿ ಆತು, ಓಟು ಮಾತ್ರ ರಾಯಚೂರ ಎಂಪಿಗಿ. ಹದಿನೈದ ಸಲ ನಾ ಅವರ ಸಲುವಾಗಿ ನಡದೇನಿ, ಅವರು ನಮ್ಮ ಓಣಿಗಿ ಬಂದದ್ದು ಎರಡ ಸಲ. ಆ ಮಾತ ಬ್ಯಾರೆ ಬಿಡ್ರಿ."

ಯಾರಿಗೆ ಹಾಕಿದೆ ಅಂತ ಮಾತ್ರ ಒಮ್ಮೆಯೂ ಬಾಯಿ ಬಿಡಲಿಲ್ಲ. ಮೊದಲನೆಯ ಓಟಿನ ಕಥೆಯನ್ನು ಎಷ್ಟು ಸಲ ಕೇಳಿದರೂ ಹೇಳುತ್ತಿದ್ದಳು. "ಗೌಡಶ್ಯಾನಿ ಮುಂದ, ನಾ ಆಕಿ ಹಿಂದ. ಬಾವಿಗಿ ಬಿಡಲಾರದವರು ಸಾಲಿನ್ಯಾಗ ನಿಲ್ಲಾಕ ಬಿಟ್ರು. ನನ್ನ ನೆರಳ ಬಿದ್ರ ನೀರ ಚಿಮುಕಿಸಿಕೊಳ್ಳೋ ಮಾಸ್ತರ, ಶಾಯಿ ಹಚ್ಚಾಕ ನನ್ನ ಬೆರಳ ಹಿಡದ. ಹಿಡೀಲೇಬೇಕಲ್ರಿ, ಕಾನೂನು!" ಅದಕ್ಕೇ ಅವಳಿಗೆ ಗುಂಡಿ ಒತ್ತುವುದಕ್ಕಿಂತ ಸಾಲಿನಲ್ಲಿ ನಿಲ್ಲುವುದೇ ದೊಡ್ಡದು.

ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ ಲೋಕಸಭೆ ಚುನಾವಣೆಗೂ ಹೊಸದೊಂದು ಸೌಲಭ್ಯ ಬಂತು. ಎಂಬತ್ತೈದು ದಾಟಿದವರು ಅರ್ಜಿ ಕೊಟ್ಟರೆ ಸಿಬ್ಬಂದಿಯೇ ಮನೆಗೆ ಬಂದು ಓಟು ಹಾಕಿಸಿಕೊಂಡು ಹೋಗುತ್ತಾರೆ. ಬೇಕೆಂದವರಿಗೆ ಒಳ್ಳೆಯದೇ. ಆದರೆ ಪರಿಮಳಾಳ ಬೂತಿನಿಂದ ಒಂದೂ ಅರ್ಜಿ ಹೋಗಿರಲಿಲ್ಲ. ಮೇಲ್ವಿಚಾರಕ ದೇವಿಂದ್ರಪ್ಪ ತುಂಬಿದ ಸಭೆಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಎಲ್ಲಾರದೂ ಬಂದಾವ, ನಿಮ್ಮ ಊರಾಗ ಯಾರಿಗೂ ವಯಸ್ಸೇ ಆಗಂಗಿಲ್ಲೇನ್ರಿ?" ಅಂದ. ಎಲ್ಲರೂ ನಕ್ಕರು. ಪರಿಮಳಾಳಿಗೆ ಮೈಯೆಲ್ಲ ಉರಿ.

ಮರುದಿನ ಮೊಮ್ಮಗಳನ್ನು ಅಂಗನವಾಡಿಗೆ ಬಿಡಲು ಬಾಲಮ್ಮ ಬಂದಳು. ಬಿಡಿಸಿ ಹೇಳಿದರೆ ಮುದುಕಿ ಒಲ್ಲೆ ಅನ್ನುತ್ತಾಳೆ ಎಂದು ಪರಿಮಳಾಳಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಅರ್ಜಿ ಮುಂದೆ ಚಾಚಿದಳು.

"ಏನ್ರಿ ಇದು ಟೀಚರವ್ವ?"

"ಪಿಂಚಣಿ ಕಾಗದ ಆಯಿ. ಒತ್ತು."

ಬಾಲಮ್ಮ ಒತ್ತಿದಳು. "ನಿಮ್ಮ ಉಪಕಾರ ಎಷ್ಟಂತ ನೆನೀಲಿ" ಅಂತ ಕೈ ಬೇರೆ ಮುಗಿದಳು! ಮುಂದಿನ ಸಭೆಯಲ್ಲಿ ದೇವಿಂದ್ರಪ್ಪ ಶಭಾಷ್ ಅಂದ. ಪರಿಮಳಾ ಆ ಶಭಾಷನ್ನು ಮನೆಗೆ ಬಂದು ಗಂಡನಿಗೂ ಹೇಳಿ ಖುಷಿಪಟ್ಟಳು. ಈಗ ನೆನೆದರೆ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತದೆ.

ಮನೆಮತದ ಸಿಬ್ಬಂದಿ ಪೆಟ್ಟಿಗೆ ಹಿಡಿದು ಎರಡು ಸಲ ಬಂದರು. ಎರಡೂ ಸಲ ಬಾಲಮ್ಮನ ಮನೆಗೆ ಕೀಲಿ. ಸೊಸೆ ಕೂಲಿಗೆ ಹೋಗಿದ್ದಳು, ಮುದುಕಿ ತಿಂಥಣಿಯಲ್ಲಿ ಮಗಳ ಮನೆಯಲ್ಲಿದ್ದಳು. ಹೇಳಿ ಕಳಿಸಬಹುದಿತ್ತು. ಹೇಳಿ ಕಳಿಸಿದರೆ "ಯಾವ ಪೆಟ್ಟಿಗಿ?" ಅಂತ ಕೇಳುತ್ತಾಳೆ, ಸುಳ್ಳು ಹೊರಬೀಳುತ್ತದೆ. ಹೆಂಗೂ ಬೂತಿಗೆ ಬಂದು ಹಾಕುತ್ತಾಳೆ ಬಿಡು ಎಂದು ಪರಿಮಳಾ ಸುಮ್ಮನಾದಳು. ಮನೆಮತಕ್ಕೆ ಅರ್ಜಿ ಕೊಟ್ಟವರು ಬೂತಿನಲ್ಲಿ ಓಟು ಹಾಕುವಂತಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಹೊತ್ತಿಗೆ ಅವಳು ಹಿಂದಿನ ಬೆಂಚಿನಲ್ಲಿ ಚೀಟಿ ಜೋಡಿಸುತ್ತ ಕೂತಿದ್ದಳು.

ಮೇ ಏಳು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರ್ ಅನ್ನುತ್ತಿತ್ತು. ಬಾಲಮ್ಮ ಒಗೆದ ಸೀರೆ ಉಟ್ಟು ಕೋಲೂರಿಕೊಂಡು ಬಂದಳು. ಗಾಲಿಕುರ್ಚಿ ತಂದರೆ ಬೇಡವೆಂದಳು. ಮುಂದೆ ಬಾ ಎಂದು ಜಾಗ ಬಿಟ್ಟವರಿಗೆ, "ನನ್ನ ಪಾಳಿ ಬಂದಾಗ ಬರ್ತೀನಿ" ಎಂದು ಮುಕ್ಕಾಲು ತಾಸು ಹೆಂಗಸರ ಸಾಲಿನಲ್ಲಿ ನಿಂತಳು. ಹೊರಗೆ ಪೆಂಡಾಲಿನಡಿ ಪಟ್ಟಿ ಹಿಡಿದು ಕೂತಿದ್ದ ಪರಿಮಳಾ ಕೈ ಬೀಸಿದಳು. ಒಳಗಿನಿಂದ ಗದ್ದಲ ಕೇಳಿತು.

ಬಾಲಮ್ಮನ ಹೆಸರಿನ ಮುಂದೆ ಕೆಂಪು ಗುರುತಿತ್ತು. "ನಿಮಗ ಇಲ್ಲಿ ಹಾಕಾಕ ಬರಂಗಿಲ್ಲಮ್ಮ, ಮನಿಯಾಗಂತ ಅರ್ಜಿ ಕೊಟ್ಟೀರಿ" ಎಂದ ಅಧಿಕಾರಿ. ಪಾರ್ಟಿಯ ಏಜೆಂಟ್ ಗುರಣ್ಣನಿಗೆ ಅಷ್ಟೇ ಸಾಕಾಯಿತು. "ಏ, ಅಲ್ಲೊಂದು ಇಲ್ಲೊಂದು ಎರಡ ಓಟು ಹಾಕಬೇಕಂತ ಮಾಡ್ಯಾಳ ಮುದುಕಿ!" ಎಂದು ಕೂಗಿದ. ಬಾಗಿಲ ಹೊರಗಿನ ಸಾಲು ಕಿಸಕ್ಕನೆ ನಕ್ಕಿತು.

"ನಾ ಯಾವ ಅರ್ಜಿನೂ ಕೊಟ್ಟಿಲ್ರಿ. ಟೀಚರವ್ವನ ಕೇಳ್ರಿ. ಆಕಿಗಿ ಎಲ್ಲಾ ಗೊತ್ತದ" ಎಂದಳು ಬಾಲಮ್ಮ.

ಪರಿಮಳಾಳನ್ನು ಕರೆಸಿದರು. ಬಾಗಿಲಲ್ಲಿ ನಿಂತಳು. ಎದುರಿಗೆ ಅಧಿಕಾರಿ, ಬೆನ್ನಿಗೆ ಸಾಲು, ನಡುವೆ ತನ್ನನ್ನೇ ನಂಬಿ ನೋಡುತ್ತಿರುವ ಮುದುಕಿ. ಒಂದು ಮಾತು ಸಾಕಿತ್ತು. ಓಟು ಉಳಿಯುತ್ತಿತ್ತೋ ಇಲ್ಲವೋ, ಮುದುಕಿಯ ಮಾನವಂತೂ ಉಳಿಯುತ್ತಿತ್ತು. ಆದರೆ ಪರಿಮಳಾಳ ಕಣ್ಣಿಗೆ ಕಂಡದ್ದು ಸಸ್ಪೆಂಡ್ ಆರ್ಡರು.

"ಆಕೀನ ಹೆಬ್ಬಟ್ಟ ಒತ್ತ್ಯಾಳ್ರಿ. ವಯಸ್ಸಾಗ್ಯಾದ, ಮರತಾಳ" ಅಂದಳು.

ಬಾಲಮ್ಮ ಜಗಳ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ಪರಿಮಳಾಳ ಮುಖ ನೋಡಿದಳು. "ಟೀಚರವ್ವ ಅಂದಮ್ಯಾಲ ಖರೇನ ಇರಬೇಕು. ನನಗ ಮರವು ಆಗ್ಯಾದ ಕಾಣ್ತದ. ತಪ್ಪಾತ್ರಿ" ಎಂದು ಅಧಿಕಾರಿಗೆ ಕೈ ಮುಗಿದು ಹೊರಟಳು. ಶಾಯಿ ಇಲ್ಲದ ಬೆರಳಲ್ಲಿ ಕೋಲು ಹಿಡಿದು ಅದೇ ಸಾಲಿನ ಪಕ್ಕದಲ್ಲೇ ಹಾದು ಹೋದಳು.

ಜೂನಿನಲ್ಲಿ ಫಲಿತಾಂಶ ಬಂತು. ಕಟ್ಟೆಗೆ ಬಂದು ಹಳೆಯ ಚುನಾವಣೆ ಕೇಳಿದವರಿಗೆ ಬಾಲಮ್ಮ, "ನನ್ನ ಕೇಳಬ್ಯಾಡ್ರಿ, ನನಗ ಮರವು, ಏನರ ತಪ್ಪ ಹೇಳೇನು" ಅನ್ನತೊಡಗಿದಳು. ಪಿಂಚಣಿಯನ್ನು ಸೊಸೆಯ ಕೈಗೆ ಕೊಟ್ಟಳು. ಆಡುಗಳನ್ನೂ ಮಾರಿದಳು. "ಎಲ್ಲಿ ಬಿಟ್ಟೀನಂತ ಮರತು ಯಾರದರ ಹೊಲಾ ಮೇಸಿದ್ರ?" ಅಂದಳಂತೆ. ಕೂಸನ್ನು ಬಿಡಲು ಬಂದ ಸೊಸೆ ಇದನ್ನೆಲ್ಲ ಹೇಳಿ, "ಓಟಿನ ದಿನದಿಂದ ಹಿಂಗಾಗ್ಯಾಳ್ರಿ ಟೀಚರ್, ಡಾಕ್ಟರಿಗಿ ತೋರಿಸ್ಬೇಕೇನ್ರಿ?" ಎಂದು ಕೇಳಿದಳು.

ಆ ಪ್ರಶ್ನೆ ಪರಿಮಳಾಳನ್ನು ಕೂರಗೊಡಲಿಲ್ಲ. ಮಧ್ಯಾಹ್ನ ಕೂಸುಗಳನ್ನು ಮನೆಗೆ ಕಳಿಸಿ ನೇರ ಕೆಳಗಿನ ಓಣಿಗೆ ಹೋದಳು. ಇಷ್ಟು ವರ್ಷ ಆ ಮನೆಯ ಕೆಲಸವನ್ನೆಲ್ಲ ಅಂಗಳದಲ್ಲೇ ನಿಂತು ಮುಗಿಸುತ್ತಿದ್ದವಳು ಮೊದಲ ಸಲ ಹೊಸ್ತಿಲು ದಾಟಿದಳು. ಅದೂ ಎಂಥ ಕೆಲಸಕ್ಕೆ! ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಪಿಂಚಣಿ ಕಾಗದದ ಸುಳ್ಳು, ಪೆಟ್ಟಿಗೆ ಬಂದದ್ದು, ಬಾಗಿಲಲ್ಲಿ ಆಡಿದ ಮಾತು, ಒಂದನ್ನೂ ಬಿಡಲಿಲ್ಲ.

ಬಾಲಮ್ಮ ಓಟಿನ ಸುದ್ದಿಯನ್ನೇ ಎತ್ತಲಿಲ್ಲ. "ಹಂಗಾರ ನನ್ನ ತಲಿ ಸರಿ ಅದ ಏನ್ರಿ?" ಎಂದು ಕೇಳಿದಳು.

"ಸರಿ ಅದ ಆಯಿ. ನಂದ ಕೆಟ್ಟಿತ್ತು."

"ಖರೇನ ಸರಿ ಅದ?"

"ನನ್ನ ಕೂಸಿನ ಆಣಿ."

ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಆಡು ಮಾರಿಬಿಟ್ನಲ್ರಿ" ಅಂದಳು. ಪರಿಮಳಾ ಕಾಲು ಮುಟ್ಟಲು ಹೋಗಿ, "ಹೊಡಿ ಆಯಿ, ಚಪ್ಲಿ ತಗೊಂಡು ಹೊಡಿ" ಎಂದಳು.

"ಹೊಡದ್ರ ನಿಮ್ಮ ಹೊಟ್ಟಿ ತಣ್ಣಗಾಗ್ತದ, ನಂದಲ್ಲ. ಮಂದಿ ಮುಂದ ನನ್ನ ಅರಳುಮರಳಿನಾಕಿ ಮಾಡೀರಿ. ಮಂದಿ ಮುಂದನ ಹೇಳ್ರಿ."

ಮೂರನೆಯ ದಿನ ಮನ್ಸೂರಅಲಿಯ ಅಂಗಡಿಯಲ್ಲಿ ರೇಷನ್ ಅಕ್ಕಿ. ಅವತ್ತು ಬೂತಿನಲ್ಲಿ ನಿಂತಿದ್ದವರೇ ಹೆಚ್ಚು ಕಡಿಮೆ ಸಾಲಿನಲ್ಲಿದ್ದರು. ಚೀಲ ಹಿಡಿದು ಗುರಣ್ಣನೂ ನಿಂತಿದ್ದ. ಪರಿಮಳಾ ಸಾಲಿನ ಮುಂದೆ ಹೋಗಿ ನಿಂತಳು. ಓಣಿಯ ಆ ತುದಿಗೆ ಕೇಳುವಂತೆ ಕೂಸುಗಳನ್ನು ಗದರುವ ಬಾಯಿ ಅದು, ಈಗ ಪಿಸುಗುಟ್ಟಿತು.

"ಅವತ್ತ ಬೂತಿನ್ಯಾಗ ಬಾಲಮ್ಮಾಯಿ ಏನೂ ಮರತಿದ್ದಿಲ್ಲ. ಪಿಂಚಣಿ ಕಾಗದ ಅಂತ ಸುಳ್ಳ ಹೇಳಿ ಹೆಬ್ಬಟ್ಟ ಒತ್ತಿಸಿಕೊಂಡಾಕಿ ನಾನು. ಆಕಿ ಓಟು ಹೋದದ್ದು ನನ್ನಿಂದ."

"ಹೋಗ್ಲಿ ಬಿಡ್ರಿ ಟೀಚರ್, ಇಲೆಕ್ಷನ್ ಮುಗದ ಹೋತು" ಎಂದ ಗುರಣ್ಣ, ನೆಲ ನೋಡುತ್ತ. ಮನ್ಸೂರಅಲಿ ತಕ್ಕಡಿಗೆ ಕೈ ಹಾಕಿದ. ಪರಿಮಳಾ ಮನೆಗೆ ಓಡಿಹೋಗಲು ಹೊರಳಿದಳು.

ಸಾಲಿನ ನಡುವೆ ತನ್ನ ಪಾಳಿಗೆ ನಿಂತಿದ್ದ ಬಾಲಮ್ಮ ಕೋಲೆತ್ತಿ ತಡೆದಳು.

"ಜೋರಾಗಿ ಹೇಳವ್ವ. ಹಿಂದಿನವರಿಗಿ ಕೇಳಿಲ್ಲ."