ಸೊಳ್ಳೆಯಲ್ಲ, ತಗಣಿ

ಹೋದ ತಿಂಗಳು ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಕುತ್ತಿಗೆಯ ಹಿಂದೆ ಚುರ್ ಎಂದಿತು. ಕೈಗೆ ಸಿಕ್ಕಿದ್ದನ್ನು ಎರಡು ಉಗುರಿನ ನಡುವೆ ಹೊಸಕಿದೆ. ಆ ವಾಸನೆ... ಕೊಳೆತ ಕೊತ್ತಂಬರಿಯಂಥ ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ.

"ಸೀಟಿನಾಗ ತಗಣಿ ಅದಾವಲ್ರಿ" ಎಂದೆ ಕಂಡಕ್ಟರಿಗೆ.

"ಸೊಳ್ಳಿ ಇರ್ಬೇಕ್ರಿ, ಟೀಚರ್" ಎಂದು ಅವನು ನಕ್ಕ.

ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಅವನ ಮೇಲೆ ಕೂಗಾಡಿಬಿಟ್ಟೆ. ಇಷ್ಟು ಸಣ್ಣ ಮಾತಿಗೆ ಇಷ್ಟು ಸಿಟ್ಟೇಕೆಂದು ಪಾಪ ಅವನಿಗೆ ತಿಳಿಯಲಿಲ್ಲ.

ಪುಸ್ತಕದಲ್ಲಿ ಅದು ತಿಗಣೆ, ನಮ್ಮ ಬಾಯಲ್ಲಿ ತಗಣಿ. ಕನ್ನಡ ಪಾಠ ಮಾಡುವಾಗ ನಾನು ಎರಡನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಬೆನ್ನು ಬಿಡದೆ ಕಾಡುವವನನ್ನು 'ತಗಣಿ ಹತ್ತಿದಂಗ ಹತ್ಯಾನ' ಎನ್ನುತ್ತಾರೆ ಎಂದೂ ಹೇಳುತ್ತೇನೆ. ಮಕ್ಕಳು ನಗುತ್ತಾರೆ. ಆದರೆ ಆ ಶಬ್ದವನ್ನು ಯಾರು, ಯಾರ ಮುಂದೆ ಆಡಬಹುದು ಎಂಬುದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ.

ಆಗ ನಾನು ಎಂಟನೆಯ ತರಗತಿ. ನಮ್ಮೂರು ಮುದನಾಳದಲ್ಲಿ ಅಪ್ಪ ಅವ್ವ ಕೂಲಿಗೆ ಹೋಗುತ್ತಿದ್ದರು. ನಾನು ಸುರಪುರದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿದ್ದೆ. ಅಲ್ಲಿ ಅಡುಗೆ ಮಾಡುತ್ತಿದ್ದವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ದೇವಾಪುರದವಳು, ಗಂಡ ಸತ್ತವಳು, ದೊಡ್ಡ ಗಂಟಲಿನವಳು. ರೊಟ್ಟಿ ಬಡಿಯುತ್ತಲೇ ಯಾರು ಉಂಡಿಲ್ಲ, ಯಾರು ಅತ್ತಿದ್ದಾರೆ ಎಂದು ಗುರುತು ಹಿಡಿಯುತ್ತಿದ್ದಳು.

ಒಂದು ಬೆಳಿಗ್ಗೆ ನಾನು ತಾಟು ಚಾಚಿದಾಗ ಅಕ್ಕ ರೊಟ್ಟಿ ಹಾಕಲಿಲ್ಲ. ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿದಳು. ಕೆಂಪು ಗುಳ್ಳೆಗಳು ಸಾಲುಗಟ್ಟಿದ್ದವು. ಕೆರೆದು ಕೆರೆದು ಕೆಲವು ಕೀವಾಗಿದ್ದವು.

"ಹಿಂಗ ಸಾಲು ಹಿಡದು ಕಡಿಯೂದು ತಗಣಿನ. ಹಾಸಿಗಿ ಹೊರಗ ತರ್ರಿ" ಎಂದಳು.

ಆ ಭಾನುವಾರ ಮಂಚಗಳನ್ನೆಲ್ಲ ಅಂಗಳಕ್ಕೆ ಎಳೆಸಿದಳು. ಸಂದುಗಳಿಗೆ ಕುದಿಯುವ ನೀರು ಸುರಿದಳು, ಚಿಮಣಿ ಎಣ್ಣೆ ಬಿಟ್ಟಳು. ಗಾದಿಯೊಂದರ ಹೊಲಿಗೆ ಬಿಚ್ಚಿದರೆ ಒಳಗೆ ಹತ್ತಿಯೇ ಕಾಣದಷ್ಟು ಹುಳ. ಎಲ್ಲಿಯೋ ಬಳಸಿ ಬಿಟ್ಟ ಹಳೆಯ ಗಾದಿಗಳಿಗೆ ಹೊಸ ಬಟ್ಟೆ ಹೊಲಿಸಿ ನಮಗೆ ಹಾಸಿದ್ದರು. "ಇವನ್ನ ಸುಡಬೇಕ್ರಿ" ಎಂದು ಅಕ್ಕ ವಾರ್ಡನ್‌ಗೆ ಹೇಳಿದಳು.

ವಾರ್ಡನ್ ಗಾದಿಯ ಕಡೆ ನೋಡಲೂ ಇಲ್ಲ. ನಮ್ಮಲ್ಲಿ ನಾಲ್ವರನ್ನು ಹೆಸರು ಹಿಡಿದು ಕರೆದರು. ನಾಲ್ವರೂ ಕೂಲಿಯವರ ಮಕ್ಕಳು, ನಾಲ್ವರೂ ಊರ ಹೊರಗಿನ ಓಣಿಯವರು. "ನಿಮ್ಮ ಗುಡಿಸಲದಾಗಿಂದ ತಗಣಿ ತಂದು, ಸರಕಾರದ ಹಾಸಿಗಿಗೆ ಹೆಸರು ಇಡ್ತೀರೇನು?" ಎಂದು ಎಲ್ಲರೆದುರಿಗೆ ನಮ್ಮ ಟ್ರಂಕುಗಳನ್ನು ಅಂಗಳದಲ್ಲಿ ಸುರಿಸಿದರು. ನಮ್ಮ ಒಳಬಟ್ಟೆಗಳೂ ಮಣ್ಣಿನಲ್ಲಿ ಬಿದ್ದವು. ಮರುದಿನದಿಂದ ನಮ್ಮ ಹೆಸರೇ ತಗಣಿ. ಊಟದ ಸಾಲಿನಲ್ಲಿ ನಮ್ಮ ಪಕ್ಕ ಯಾರೂ ಕೂರಲಿಲ್ಲ. ಹುಳದ ಹೆಸರನ್ನು ಹುಳಕ್ಕೆ ಹೇಳಿದರೆ ತಪ್ಪು, ನಮಗೆ ಹೇಳಿದರೆ ಸರಿ!

ತಪಾಸಣೆಗೆ ಅಧಿಕಾರಿ ಬರುವ ಹಿಂದಿನ ದಿನ ವಾರ್ಡನ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಕೇಳಿದ್ರ ಸೊಳ್ಳಿ ಅನ್ರಿ. ತಗಣಿ ಅಂದಾಕಿ ಟ್ರಂಕ್ ಹೊತಗೊಂಡು ಮನಿಗಿ ಹೋಗಬೇಕು, ತಿಳೀತಿಲ್ಲೋ?"

ಸೊಳ್ಳೆ ಗಟಾರದಿಂದ ಬರುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ. ತಗಣಿ ಎಂದರೆ ಗಾದಿ ಬಿಚ್ಚಬೇಕಾಗುತ್ತದೆ; ಬಿಚ್ಚಿದರೆ, ಹೊಸ ಗಾದಿಯ ಬಿಲ್ಲಿಗೆ ಹಳೆಯವು ಬಂದದ್ದು ಬಯಲಾಗುತ್ತದೆ. ಒಂದು ಶಬ್ದಕ್ಕೆ ಅವರು ಯಾಕೆ ಅಷ್ಟು ಹೆದರಿದ್ದರೆಂದು ನನಗೆ ತಿಳಿಯುವ ಹೊತ್ತಿಗೆ ಬಹಳ ವರ್ಷಗಳಾಗಿದ್ದವು.

ಸಾಹೇಬರು ಬಂದರು. ಅಡುಗೆಮನೆಗೆ ಬಂದು, ಊಟ ಹೇಗಿದೆ ಎಂದು ಕೇಳಿದರು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ನನ್ನ ರಟ್ಟೆ ಹಿಡಿದು ಮುಂದೆ ತಂದಳು, ತೋಳು ಮೇಲೆ ಸರಿಸಿದಳು. "ಊಟ ಇರ್ಲಿರಿ ಸಾಹೇಬ್ರ, ಈ ಕೂಸಿನ ಕೈ ನೋಡ್ರಿ" ಎಂದಳು.

"ಏನಾಗ್ಯಾದವ್ವ?" ಎಂದು ಅವರು ನನ್ನನ್ನು ಕೇಳಿದರು. ಮೆತ್ತಗೇ ಕೇಳಿದರು.

ಅವರ ಹಿಂದೆ ವಾರ್ಡನ್ ನಿಂತಿದ್ದರು.

"ಸೊಳ್ಳಿ ಕಡದಾವ್ರಿ" ಎಂದೆ.

ಅಕ್ಕನ ಹಿಡಿತ ಸಡಿಲವಾದದ್ದು ನನಗೆ ತಿಳಿಯಿತು. ಆದರೂ ಅವಳು ಬಿಡಲಿಲ್ಲ. "ಹುಡುಗಿ ಅಂಜ್ಯಾಳ್ರಿ. ಒಂದು ಹಾಸಿಗಿ ಬಿಚ್ಚಿ ನೋಡ್ರಿ" ಎಂದಳು. ಸಾಹೇಬರು ಗಡಿಯಾರ ನೋಡಿಕೊಂಡರು. ಚಹಾ ಕುಡಿದರು. ಸೊಳ್ಳೆಗೆ ಔಷಧಿ ಹೊಡೆಸಿ ಎಂದು ಬರೆದು ಜೀಪು ಹತ್ತಿದರು.

ಎರಡು ದಿನ ಬಿಟ್ಟು ಒಬ್ಬ ಬಂದು ಗಟಾರಕ್ಕೆ ಹೊಗೆ ಬಿಟ್ಟು ಹೋದ. ಅದೇ ವಾರ, ಅಧಿಕಾರಿಗಳ ಮುಂದೆ ಸುಳ್ಳು ಹೇಳಿದಳೆಂದು ಅಕ್ಕನನ್ನು ಕೆಲಸದಿಂದ ತೆಗೆದರು. ಸುಳ್ಳು ಹೇಳಿದವಳು ನಾನು. ಚೀಲ ಹೆಗಲಿಗೇರಿಸಿಕೊಂಡು ಅವಳು ಗೇಟು ದಾಟುವಾಗ ನಾನು ನಲ್ಲಿಯ ಹತ್ತಿರ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ... ನೋಡಿದ್ದರೆ ಏನು ಮಾಡುತ್ತಿದ್ದೆನೋ. ಹತ್ತನೆಯ ತರಗತಿ ಮುಗಿಸುವ ತನಕ ಅದೇ ಗಾದಿಯ ಮೇಲೆ ಮಲಗಿದೆ.

ವಾರ್ಡನ್ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಮೆತ್ತಗೆ ಕೇಳಿ, ಗಾದಿ ಬಿಚ್ಚದೆ ಹೋದ ಆ ಸಾಹೇಬರ ಮೇಲೆ ಅದಕ್ಕಿಂತ ಹೆಚ್ಚು. ಉಳಿದದ್ದೆಲ್ಲ ನನ್ನ ಮೇಲೆ.

ಬಸ್ಸಿನ ಆ ಜಗಳವಾದ ಮುಂದಿನ ಭಾನುವಾರ ದೇವಾಪುರಕ್ಕೆ ಹೋದೆ. ಇಷ್ಟು ವರ್ಷ ಶಹಾಪುರದಲ್ಲೇ ಇದ್ದು ಒಮ್ಮೆಯೂ ಹೋಗಿರಲಿಲ್ಲ. ಮನೆ ಸಿಕ್ಕಿತು, ಅಕ್ಕ ಇರಲಿಲ್ಲ. ತೀರಿಕೊಂಡು ನಾಲ್ಕು ವರ್ಷ ಎಂದಳು ಮಗಳು. ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಯಾರು, ಅಂದು ಏನಾಯಿತು ಎಂದು ನಿಂತೇ ಹೇಳಿದೆ. ತಗಣಿಯೇ ಇದ್ದದ್ದು, ನಿಮ್ಮ ಅವ್ವ ಹೇಳಿದ್ದೇ ನಿಜ ಎಂದೆ.

ಅವಳು ಕೊನೆಯ ತನಕ ಕೇಳಿದಳು. ಅವ್ವ ಆಮೇಲೆ ಎಲ್ಲಿಯೂ ಅಡುಗೆಗೆ ಹೋಗಲಿಲ್ಲ, ಸುಳ್ಳಿ ಎಂಬ ಹೆಸರು ಹೊತ್ತು ಹೊಲದ ಕೂಲಿಯಲ್ಲೇ ಸವೆದಳು ಎಂದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ಆವಾಗ ಎಲ್ಲಿ ಹೋಗಿತ್ರಿ ಈ ಬಾಯಿ?"

ಕೂಡ್ರಿ ಎನ್ನಲಿಲ್ಲ. ಅವಳು ಮತ್ತೆ ಶೇಂಗಾ ಸುಲಿಯತೊಡಗಿದಳು. ನಾನು ಬಿಸಿಲಿನಲ್ಲಿ ನಿಂತೇ ಇದ್ದೆ.